ಕೂಗದ ಕಾಲು

ನಮ್ಮೂರಲ್ಲಿ ಒಂದು ಬುಟ್ಟಿ ಇದ್ದಿಲಿಗೆ ನಲವತ್ತು ರೂಪಾಯಿ. ಮಳೆಗೆ ನೆನೆದದ್ದಾದರೆ ಮೂವತ್ತಕ್ಕೂ ಕೊಡುತ್ತೇನೆ, ಆಮೇಲೆ ಹೊಗೆಗೆ ಕಣ್ಣು ಉರಿಯಿತು ಅಂತ ನನ್ನನ್ನು ಬೈಯಬಾರದು. ಗಂಡ ಹೆಂಡತಿ ಇಬ್ಬರೇ ಇರುವ ಮನೆಗೆ ಒಂದು ಬುಟ್ಟಿ ವಾರಕ್ಕೆ ಧಾರಾಳ. ಬಾಣಂತಿ ಇದ್ದರೆ ಎರಡು. ಡಾಕ್ಟರು ಮನೆಗೆ ಬಂದು ಮೈಗೆ ಕಿವಿಯಿಟ್ಟು ಕೇಳಿಹೋಗಲು ಮೂರು ಬುಟ್ಟಿಯ ದುಡ್ಡು, ಆದ್ದರಿಂದ ಜನ ಮೊದಲು ನನ್ನ ಹತ್ತಿರ ಬರುತ್ತಾರೆ, ಆಮೇಲೆ ಅವರ ಹತ್ತಿರ ಹೋಗುತ್ತಾರೆ. ಇಬ್ಬರೇ ಇರುವ ಮನೆಗೆ ವಾರಕ್ಕೆ ನಾಲ್ಕು ಬುಟ್ಟಿ ಇದ್ದಿಲು ಹೋಗುತ್ತಿದೆ ಎಂದರೆ, ಆ ಮನೆಯಲ್ಲಿ ಬೇಯುತ್ತಿರುವುದು ಅನ್ನವಲ್ಲ. ಇದು ನನ್ನ ಕಸುಬು ಕಲಿಸಿದ್ದು.

ಆ ಮನೆ ನನ್ನ ತಮ್ಮ ಚೆಲುವನದು. ಅಂಗಡಿಯಿಂದ ಎದ್ದು ನಾಲ್ಕು ಹೆಜ್ಜೆ ಹಾಕಿದರೆ ಅವನ ಜಗಲಿ.

ನಮ್ಮ ಕಡೆ ಮೈಗೆ ಕೇಡು ತಗುಲಿದರೆ ಮೈಯೇ ಕೂಗುತ್ತದೆ. ಹುಳುಕು ಹಲ್ಲಿದ್ದವನ ದವಡೆ ಜೀರುಂಡೆಯ ಹಾಗೆ. ಬಾತ ಮಂಡಿ ಎಣ್ಣೆ ಕಾಣದ ಬಾಗಿಲ ಹಾಗೆ. ಮುಳ್ಳು ಮುರಿದು ಒಳಗೇ ಉಳಿದ ಅಂಗಾಲು ಒಂದೇ ತಂತಿ ಮೀಟಿದ ಹಾಗೆ ಗುಂಯ್ ಅನ್ನುತ್ತಲೇ ಇರುತ್ತದೆ. ಹೀಗಾಗಿ ಬೆಳಿಗ್ಗೆ ಒಲೆ ಹಚ್ಚುವ ಮೊದಲು ಮನೆಯ ಹಿರಿ ಹೆಂಗಸು ಒಬ್ಬೊಬ್ಬರ ಮೈಗೂ ಕಿವಿಗೊಟ್ಟು ಬರಬೇಕು. ಒಲೆ ಚಟಪಟ ಅನ್ನತೊಡಗಿದರೆ ಸಣ್ಣ ಕೂಗು ಕೇಳುವುದಿಲ್ಲ. ಬಸ್ಸಿನಲ್ಲಿ ಮೈ ಕೂಗುವವರಿಗೆ ಹಿಂದಿನ ಸೀಟು. ಹೆಣ್ಣು ನೋಡಲು ಬಂದವರು ಉಪ್ಪಿಟ್ಟು ತಿನ್ನುತ್ತಲೇ ಕಿವಿ ಚುರುಕು ಮಾಡಿಕೊಂಡಿರುತ್ತಾರೆ. ಕಳ್ಳನಿಗೆ ಗಂಟಲು ಬಾತರೆ ಅವತ್ತು ಅವನಿಗೆ ರಜೆ.

ಕೂಗಿಗೆ ಮದ್ದು ಕಾವು. ಚೆನ್ನಾಗಿ ಬೆವರು ಕಿತ್ತುಬರುವ ಹಾಗೆ ಕಾಯಿಸಿಕೊಂಡರೆ ಒಂದು ಹೊತ್ತು ಮೈ ಸುಮ್ಮನಿರುತ್ತದೆ. ಮದುವೆಯ ಹಿಂದಿನ ದಿನ ನನ್ನ ಅಂಗಡಿಯ ಮುಂದೆ ಸಾಲು ನಿಲ್ಲುವುದು ಅದಕ್ಕೇ. ಇನ್ನು ಬಳೆ ಕುಲುಮೆಯಲ್ಲಿ ದುಡಿಯುವ ಗಂಡಸರ ಮೈ ವರ್ಷವೆಲ್ಲ ಮೌನ. ದಿನವಿಡೀ ಕರಗಿದ ಗಾಜಿನ ಮುಂದೆ ನಿಲ್ಲುವವರು ಅವರು. ಆದರೆ ವರ್ಷಕ್ಕೊಮ್ಮೆ ಗಾಜು ಕರಗಿಸುವ ಮೂಸೆ ಬದಲಾಯಿಸಲು ಕುಲುಮೆ ಆರಿಸುತ್ತಾರೆ. ಅದು ತಣಿವಿನ ವಾರ. ಬೆಂಕಿ ಆರಿ ಎರಡನೆಯ ದಿನಕ್ಕೆ ಆ ಗಂಡಸರೆಲ್ಲರ ಮೈ ಒಟ್ಟಿಗೇ ಬಾಯಿ ಬಿಡುತ್ತದೆ. ವರ್ಷದ ಹಳೆಯ ಸುಟ್ಟಗಾಯ, ಬಾತ ಕೀಲು, ಎದೆಯ ಗೂರಲು ಎಲ್ಲ ಹೊರಗೆ. ನಮ್ಮ ಬೀದಿ ಜೇನುಗೂಡಿಗೆ ಕಲ್ಲು ಬಿದ್ದ ಹಾಗಾಗುತ್ತದೆ. ಡಾಕ್ಟರು ಮನೆಮನೆ ತಿರುಗುತ್ತಾರೆ. ಹೆಂಗಸರು ಒಬ್ಬರಿಗೊಬ್ಬರು ಕೂಗಿ ಹೇಳಿಕೊಳ್ಳುತ್ತಾರೆ, "ನಮ್ಮವರದು ಈ ವರ್ಷ ಬರೀ ಭುಜ ಕಣೇ!" ಅಂತ.

ಚೆಲುವನೂ ಕುಲುಮೆಯವನೇ. ಆದರೆ ಆ ವರ್ಷದ ತಣಿವಿನ ವಾರದಲ್ಲಿ ಅವನ ಮೈ ಮಾತ್ರ ಕೂಗಲಿಲ್ಲ.

ಮೂರನೆಯ ದಿನ ಬೆಳಿಗ್ಗೆ ಕಿವಿಗೊಡಲು ಹೋದೆ. ಅವ್ವ ಸತ್ತ ಮೇಲೆ ಅವನನ್ನು ಸಾಕಿದವಳು ನಾನೇ, ಅವನಿಗೆ ಮದುವೆಯಾದ ಮೇಲೂ ಕಿವಿಗೊಡುವ ಬಾಧ್ಯತೆ ನನ್ನದೇ. ಮಂಚದ ಮೇಲೆ ಸೊಂಟದವರೆಗೆ ದಪ್ಪ ಕಂಬಳಿ ಹೊದ್ದು ಕೂತಿದ್ದ. ಹಣೆಯ ಮೇಲೆ ಬೆವರು. ಎದೆಗೆ ಕಿವಿಯಿಟ್ಟೆ, ಬೆನ್ನಿಗೆ ಇಟ್ಟೆ, ಹೊಟ್ಟೆಗೆ ಇಟ್ಟೆ. ನಿಶ್ಶಬ್ದ.

"ಏನಕ್ಕಾ, ಕಲ್ಲಂಗಡಿ ಹಣ್ಣು ಆರಿಸ್ತಿದ್ದೀಯಾ?" ಅಂತ ನಕ್ಕ.

"ಈ ಸೆಖೆಯಲ್ಲಿ ಕಂಬಳಿ ಯಾಕೋ?"

"ಕುಲುಮೆ ಮೈ, ಬೆಂಕಿ ಇಲ್ದಿದ್ರೆ ಚಳಿಯಾಗುತ್ತೆ." ಹಾಗೆ ಹೇಳುವಾಗ ನನ್ನ ಮುಖ ನೋಡಲಿಲ್ಲ, ಹೆಂಡತಿಯ ಮುಖ ನೋಡಿದ.

ಅವಳು ಇಂದ್ರಾಣಿ. ಮದುವೆಯಾಗಿ ಬಂದು ವರ್ಷ ತುಂಬಿರಲಿಲ್ಲ. ಗುಡ್ಡಸಾಲಿನ ಆಚೆಯವಳು, ನಮ್ಮ ಕಡೆಯವಳಲ್ಲ. ಬಾಗಿಲ ಹತ್ತಿರ ನಿಂತಿದ್ದಳು, ಸೆರಗಿನ ತುದಿಯನ್ನು ಬೆರಳಿಗೆ ಸುತ್ತುತ್ತ, ಬಿಚ್ಚುತ್ತ. ನಾನು ಕಂಬಳಿಗೆ ಕೈ ಹಾಕಿದ್ದೇ ತಡ, "ಅತ್ತಿಗೆ, ಕಾಫಿ ಆರಿಹೋಗುತ್ತೆ" ಅಂದಳು. ಕಾಫಿ ನೋಡಿದರೆ ಇನ್ನೂ ಕುದಿಯುತ್ತಿತ್ತು.

ಹೊರಗೆ ಬಂದರೆ ಪಕ್ಕದ ಮನೆಯ ಮುದ್ದಮ್ಮ ಕಾದಿದ್ದಳು. ಅವಳ ಗಂಡನ ಎರಡೂ ಮಂಡಿ ಒಳಗಿನಿಂದ ಕಿರಗುಟ್ಟುತ್ತಿದ್ದವು.

"ನಿನ್ನ ತಮ್ಮ ಪುಣ್ಯವಂತ ಬಿಡು, ಸಾವಂತ್ರಕ್ಕ. ಹತ್ತು ವರ್ಷ ಕುಲುಮೆ ಬಾಯಲ್ಲಿ ನಿಂತೂ ಒಂದು ಚುಂಯ್ ಇಲ್ಲ. ದೃಷ್ಟಿ ತೆಗಿ."

"ಹೋದ ವರ್ಷ ಇದೇ ವಾರದಲ್ಲಿ ಅವನ ಹೆಗಲು ಕೂಗಿ ಕೂಗಿ ನಿನ್ನ ಕೋಳಿ ಮೊಟ್ಟೆ ಇಡಲಿಲ್ಲ ಅಂತ ಜಗಳಕ್ಕೆ ಬಂದವಳು ನೀನೇ ಅಲ್ವೇ? ಒಂದು ವರ್ಷದಲ್ಲಿ ಪುಣ್ಯ ಎಲ್ಲಿಂದ ಬಂತು?"

"ಹೆಂಡತಿ ಕಾಲ್ಗುಣ ಇರಬಹುದು."

"ಅವಳ ಮೇಲೇ ನನಗೆ ಅನುಮಾನ."

ಮುದ್ದಮ್ಮ ಸೊಂಟಕ್ಕೆ ಕೈಯಿಟ್ಟಳು. "ಒಲ್ಲದ ಗಂಡನಿಗೆ ಮೊಸರಲ್ಲಿ ಕಲ್ಲು ಅಂತಾರೆ. ನಿನಗೆ ಒಲ್ಲದ ನಾದಿನಿ. ಮೈ ಕೂಗಿದರೂ ಕಷ್ಟ, ಕೂಗದಿದ್ದರೂ ಕಷ್ಟ!"

ಅವಳು ಹೇಳಿದ್ದರಲ್ಲಿ ಅರ್ಧ ನಿಜ ಇತ್ತು. ಇಂದ್ರಾಣಿ ನನಗೆ ಮೊದಲಿಂದಲೂ ಅರ್ಥವಾಗಿರಲಿಲ್ಲ. ಯಾರದಾದರೂ ಮೈ ಕೂಗಿದರೆ ಅವಳು ಆ ಜಾಗದಿಂದ ಎದ್ದುಹೋಗುತ್ತಿದ್ದಳು. ಮುದ್ದಮ್ಮನ ಮಗುವಿಗೆ ಕಿವಿ ಸೋರಿ ಕೂಗೆದ್ದಾಗ ಇಡೀ ಬೀದಿ ಅದನ್ನು ಎತ್ತಿ ಆಡಿಸಿತು, ಇವಳು ಮಾತ್ರ ಬಾಗಿಲು ಹಾಕಿಕೊಂಡಳು. ಅಂಥವಳು ಗಂಡನ ಮೈ ಹೇಗೆ ನೋಡಿಕೊಂಡಾಳು? ಅದಕ್ಕಿಂತ ಕೆಟ್ಟ ಯೋಚನೆಯೂ ಬಂತು. ಹೊಟ್ಟೆಗೆ ಸ್ವಲ್ಪ ಸ್ವಲ್ಪವಾಗಿ ಏನಾದರೂ ಬೀಳುತ್ತಿದ್ದರೆ ಹೊಟ್ಟೆ ಕೂಗಲೇಬೇಕು. ಕೂಗು ಕೇಳಬಾರದು ಅಂತ ಬಯಸುವವರು ಏನು ಮಾಡುತ್ತಾರೆ? ಕಾವು ಕೊಡುತ್ತಾರೆ.

ಆದರೆ ಕಾವಿಗೆ ಇದ್ದಿಲು ಬೇಕು. ಅವಳು ನನ್ನ ಹತ್ತಿರ ಕೊಳ್ಳುತ್ತಿದ್ದದ್ದು ವಾರಕ್ಕೆ ಒಂದೇ ಬುಟ್ಟಿ.

ಮಧ್ಯಾಹ್ನ ಅಂಗಡಿಗೆ ತಟ್ಟಿ ಅಡ್ಡ ಹಾಕಿ ಊರಿನ ಆ ತುದಿಗೆ ಹೋದೆ. ಅಲ್ಲಿ ಹಯಾತ್ ಸಾಬರ ಇದ್ದಿಲು ಮಂಡಿ. ಇಪ್ಪತ್ತು ವರ್ಷದಿಂದ ನಾನೂ ಅವರೂ ಒಬ್ಬರ ಗಿರಾಕಿಯನ್ನು ಒಬ್ಬರು ಎಳೆದುಕೊಂಡೇ ಬದುಕಿದವರು.

"ಬನ್ನಿ ಬನ್ನಿ, ನಿಮ್ಮ ಇದ್ದಿಲು ಮುಗೀತಾ?" ಅಂದರು.

"ನಮ್ಮ ಹುಡುಗಿ ಇಲ್ಲಿಗೆ ಬರ್ತಾಳಾ ಸಾಬರೇ? ತೆಳ್ಳಗೆ, ಎಡ ಹುಬ್ಬಿನ ಮೇಲೆ ಮಚ್ಚೆ."

ಸಾಬರು ಗಡ್ಡ ಕೆರೆದುಕೊಂಡರು. "ಗಿರಾಕಿ ವಿಷಯ ನೀವು ಕೇಳಬಾರದು, ನಾನು ಹೇಳಬಾರದು."

"ಸಾಬರೇ, ಇದು ವ್ಯಾಪಾರ ಅಲ್ಲ. ನನ್ನ ತಮ್ಮನ ಮೈ ತಣಿವಿನ ವಾರದಲ್ಲೂ ಕೂಗ್ತಿಲ್ಲ."

ಅವರ ನಗು ಹೋಯಿತು. "ಈ ವಾರ ಮೂರು ಬುಟ್ಟಿ ಒಯ್ದಿದ್ದಾಳೆ. ಹೋದ ವಾರವೂ ಮೂರು. ಹೊತ್ತು ಮುಳುಗೋ ಮುಂಚೆ ಬರ್ತಾಳೆ, ಮುಖ ಮುಚ್ಚಿಕೊಂಡು. ನಿಮ್ಮ ಪಕ್ಕದಲ್ಲೇ ಅಂಗಡಿ ಇದ್ದೂ ಇಷ್ಟು ದೂರ ಯಾಕಮ್ಮಾ ಅಂತ ಕೇಳಿದೆ. ಅವರು ಎಣಿಸ್ತಾರೆ ಅಂದಳು."

ಹೌದು, ನಾನು ಎಣಿಸುತ್ತೇನೆ.

ನೆಟ್ಟಗೆ ಚೆಲುವನ ಮನೆಗೆ ನುಗ್ಗಿದೆ. ಅವನು ಮಲಗಿದ್ದ. ಇಂದ್ರಾಣಿ ಹಿತ್ತಲಲ್ಲಿ ಊದುಕೊಳವೆ ಹಿಡಿದು ಕೂತಿದ್ದಳು. ಒಲೆಯ ಮೇಲೆ ಪಾತ್ರೆ ಇರಲಿಲ್ಲ, ಕೆಂಡದೊಳಗೆ ನಾಲ್ಕು ಇಟ್ಟಿಗೆ ಕೆಂಪಗಾಗುತ್ತಿದ್ದವು. ಒಳಗೆ ಹೋಗಿ ಕಂಬಳಿ ಎಳೆದೆ. ಚೆಲುವನ ಬಲಗಾಲಿನ ಸುತ್ತ ಗೋಣಿಯಲ್ಲಿ ಸುತ್ತಿದ ಇಟ್ಟಿಗೆಗಳು, ಬಾಣಂತಿಯ ಮಗ್ಗುಲಿಗೆ ಇಟ್ಟ ಹಾಗೆ.

"ಏನು ಹಾಕ್ತಿದ್ದೀಯೇ ಅವನಿಗೆ?" ಅಂದೆ. "ಊಟದಲ್ಲಿ ಹಾಕ್ತಿದ್ದೀಯೋ, ಕಾಫಿಯಲ್ಲೋ? ಯಾವ ಕೂಗು ಮುಚ್ಚೋದಕ್ಕೆ ಈ ಬೆಂಕಿ?"

ಊದುಕೊಳವೆ ಹಿಡಿದೇ ಅವಳು ನನ್ನ ಹಿಂದೆ ಓಡಿಬಂದಿದ್ದಳು. ಚೆಲುವ ಎದ್ದು ಕೂತ. "ಅಕ್ಕಾ, ಬಾಯಿಗೆ ಬಂದ ಹಾಗೆ ಆಡಬೇಡ. ಅಂಗಾಲಿಗೆ ಗಾಜಿನ ಚೂರು ಹೊಕ್ಕಿತ್ತು, ಅಷ್ಟೇ. ಅವಳೇ ತೆಗೆದು ಅರಿಶಿನ ಹಚ್ಚಿದಳು. ಮಾಯ್ದುಹೋಗಿದೆ."

"ಮಾಯ್ದದ್ದಕ್ಕೆ ಇಟ್ಟಿಗೆ ಯಾಕೆ?"

ಇಂದ್ರಾಣಿ ಊದುಕೊಳವೆ ಕೆಳಗಿಟ್ಟು ಅಳುತ್ತಲೇ ಹೇಳಿದಳು. "ಅತ್ತಿಗೆ, ನಮ್ಮೂರಲ್ಲಿ ಮೈ ಕೂಗಲ್ಲ. ಯಾರದ್ದೂ ಕೂಗಲ್ಲ. ಇಲ್ಲಿಗೆ ಬಂದ ಮೇಲೇ ನಾನು ಕೇಳಿದ್ದು. ಒಂದು ಸಂಜೆ ಇವರು ಮನೆಗೆ ಬಂದು ಕಾಲು ನೀಡಿ ಕೂತರೆ, ಕುಲುಮೆ ಕಾವಿಗೂ ಅಡಗದೆ ಆ ಕಾಲು ಅಳೋಕೆ ಶುರುಮಾಡ್ತು. ಮನುಷ್ಯರ ಹಾಗೆ. ನನ್ನ ಕೈಯಲ್ಲಿ ತಡೆಯೋಕೆ ಆಗಲಿಲ್ಲ. ಕಾಯಿಸಿದರೆ ನಿಲ್ಲುತ್ತೆ ಅಂತ ನಿಮ್ಮ ಅಂಗಡಿ ಮುಂದೆ ಎಲ್ಲರೂ ಹೇಳ್ತಿದ್ದರಲ್ಲ. ಕಾಯಿಸಿದೆ. ನಿಂತಿತು. ಕೂಗು ನಿಂತರೆ ರೋಗ ನಿಂತ ಹಾಗೆ ಅಂದುಕೊಂಡೆ."

ನಾನು ಅವಳನ್ನು ನಂಬಲಿಲ್ಲ. ಅಳುವವರನ್ನೆಲ್ಲ ನಂಬಿದ್ದರೆ ನನ್ನ ಅಂಗಡಿ ಎಂದೋ ಮುಚ್ಚಿರುತ್ತಿತ್ತು. ಇಟ್ಟಿಗೆಗಳನ್ನೆಲ್ಲ ಹಿತ್ತಲಿಗೆ ಎಸೆದೆ, ಒಲೆಗೆ ಒಂದು ಕೊಡ ನೀರು ಸುರಿದೆ, ಮಂಚದ ಪಕ್ಕ ಕೂತೆ.

"ಏನು ಮಾಡ್ತೀಯಾ?" ಅಂದ ಚೆಲುವ.

"ನಿನ್ನ ಕಾಲಿನ ಮಾತು ಕೇಳ್ತೀನಿ. ನಿಮ್ಮಿಬ್ಬರ ಮಾತು ಆಯ್ತಲ್ಲ."

ಮೊದಲು ಏನೂ ಇರಲಿಲ್ಲ. ಪಾದ ಮುಟ್ಟಿ ನೋಡಿದೆ. ಕುಲುಮೆಯವರ ಅಂಗಾಲು ಎಕ್ಕಡದ ಹಾಗಿರುತ್ತದೆ, ಕೆಂಡ ತುಳಿದರೂ ಅರಿವಾಗುವುದಿಲ್ಲ. ಮೇಲಿನ ಚರ್ಮ ಮುಚ್ಚಿತ್ತು, ಆದರೆ ಬಣ್ಣ ಸರಿಯಿರಲಿಲ್ಲ, ಹೊಳೆಯುವ ನೇರಳೆ. ಕಾಲು ತಣ್ಣಗಾಗುತ್ತ ಬಂದ ಹಾಗೆ ಎಲ್ಲೋ ದೂರದಲ್ಲಿ ಯಾರೋ ಕರೆದ ಹಾಗಾಯಿತು. ಆಮೇಲೆ ಒಮ್ಮೆಗೇ ಎದ್ದಿತು. ಐವತ್ತು ವರ್ಷ ಈ ಊರಲ್ಲಿ ಬದುಕಿದ್ದೇನೆ, ಅಂಥ ಕೂಗು ಕೇಳಿರಲಿಲ್ಲ. ಗಡಿಗೆಯ ನೀರು ನಡುಗಿತು. ಚೆಲುವ ಮಂಚದ ಕಂಬಿ ಹಿಡಿದುಕೊಂಡು, "ಅಕ್ಕಾ, ಕಾವು ಕೊಡು, ಕಾವು ಕೊಡು" ಅಂದ.

ಬೀದಿಯವರು ಓಡಿಬಂದರು. ಎಲ್ಲರ ಬಾಯಲ್ಲೂ ಒಂದೇ ಮಾತು, ಕಾವು ಕೊಡಿ. ಮುದ್ದಮ್ಮ ತನ್ನ ಮನೆಯ ಕೆಂಡವನ್ನೇ ಬಾಣಲೆಯಲ್ಲಿ ಹೊತ್ತು ತಂದಳು. ಇಂದ್ರಾಣಿ ಹಿತ್ತಲಿನಿಂದ ಇಟ್ಟಿಗೆ ಆರಿಸಿಕೊಂಡು ಬರುತ್ತಿದ್ದಳು. ನಿಜ ಹೇಳಬೇಕೆಂದರೆ ನನ್ನ ಕೈಯೂ ಕೆಂಡದತ್ತ ಹೋಗುತ್ತಿತ್ತು. ಆದರೆ ಇವಳು ಮುಚ್ಚಿದ್ದನ್ನು ನಾನು ಮತ್ತೆ ಯಾಕೆ ಮುಚ್ಚಲಿ ಅನ್ನುವ ಹಟ ಅಡ್ಡ ಬಂತು. ಬಾಗಿಲಿಗೆ ಅಡ್ಡ ನಿಂತು, "ಡಾಕ್ಟರು ಬರುವವರೆಗೆ ಒಂದು ಕಿಡಿಯೂ ಒಳಗೆ ಬರಕೂಡದು" ಅಂದೆ.

ಡಾಕ್ಟರ್ ಪದ್ಮಪ್ರಭಾ ಅದೇ ಬೀದಿಯ ಕೊನೆಯ ಮನೆಯಲ್ಲಿದ್ದರು. ಬಂದವರು ಕಾಲು ನೋಡಿದರು, ಗೋಣಿಚೀಲ ನೋಡಿದರು, ಇಟ್ಟಿಗೆ ನೋಡಿದರು. "ಎಷ್ಟು ದಿನದಿಂದ?" ಅಂದರು. "ಎರಡು ವಾರ," ಅಂದಳು ಇಂದ್ರಾಣಿ. ಡಾಕ್ಟರು ಬೈಯಲಿಲ್ಲ. ಅದೇ ನನಗೆ ಹೆದರಿಕೆ ಹುಟ್ಟಿಸಿತು.

"ಕುಲುಮೆಯವರು ದಿನಾ ಬೆಂಕಿ ಮುಂದೆ ಕಾಯ್ತಾರಲ್ಲಮ್ಮ, ಅವರಿಗೆ ಏನೂ ಆಗಲ್ವಾ?" ಅಂತ ಕೇಳಿದೆ. ಸುಮ್ಮನೆ ದೊಡ್ಡದು ಮಾಡಿ ಹೇಳಿ ಆಸ್ಪತ್ರೆಗೆ ಎಳೆಯುತ್ತಾರೇನೋ ಅನ್ನುವ ಅನುಮಾನ ಆಗಲೂ ಇತ್ತು.

ಅವರು ಕಾಲಿನ ಮೇಲಿಂದ ಕೈ ತೆಗೆಯದೆ ಹೇಳಿದರು. "ನಮ್ಮ ರಕ್ತದಲ್ಲಿ ಲೆಕ್ಕವಿಲ್ಲದಷ್ಟು ಕಾವಲಿನವರು ಇದ್ದಾರೆ, ಸಾವಂತ್ರಮ್ಮ. ಕಣ್ಣಿಗೆ ಕಾಣದಷ್ಟು ಸಣ್ಣವರು. ಹೊರಗಿನ ಕೇಡು ಒಳಗೆ ಬಂದರೆ ಒಬ್ಬ ಇನ್ನೊಬ್ಬನಿಗೆ ಸುದ್ದಿ ಮುಟ್ಟಿಸ್ತಾನೆ. ಬಾವು, ಕೆಂಪು, ಜ್ವರ, ಈ ಕೂಗು, ಎಲ್ಲಾ ಆ ಸುದ್ದಿಯದೇ. ಈಗ ಬಿಸಿ ಬಡೀತು ಅನ್ನಿ. ಪ್ರತಿಯೊಬ್ಬನ ಮನೆಯೊಳಗೂ ಕಂಬಗಳು ಸೊಟ್ಟಗಾಗ್ತವೆ. ಅವನು ಮೊದಲು ಕಂಬಕ್ಕೆ ಹೆಗಲು ಕೊಡ್ತಾನೆ. ಹೆಗಲು ಕೊಟ್ಟು ನಿಂತವನು ಕೊಂಬು ಊದ್ತಾನಾ?"

"ಇಲ್ಲ."

"ಏಟು ಬೀಳೋ ಮುಂಚೆ ಮೈ ಕಾಯ್ದಿದ್ದರೆ ಅದು ಒಳ್ಳೇದೂ ಹೌದು. ಕಂಬಕ್ಕೆ ಆಗಲೇ ಆಸರೆ ಕೊಟ್ಟಾಗಿರುತ್ತೆ, ಸಣ್ಣ ಏಟಿಗೆ ಅವರು ದೊಡ್ಡ ರಂಪ ಮಾಡಲ್ಲ, ರಂಪದಿಂದ ಆಗೋ ಹಾಳೂ ತಪ್ಪುತ್ತೆ. ಕುಲುಮೆಯವರು ಬದುಕಿರೋದು ಹಾಗೆ. ಆದರೆ ಕೇಡು ಒಳಗೆ ಕೂತು, ಕೂಗು ಎದ್ದ ಮೇಲೆ ಕಾಯಿಸಿದರೆ ಬೇರೆ ಕಥೆ. ಹೋರಾಡ್ತಿದ್ದವರ ಮೇಲೇ ಮನೆ ಕೆಡವಿದ ಹಾಗೆ. ಕೆಲವರು ಅಲ್ಲೇ ಸಾಯ್ತಾರೆ, ಉಳಿದವರು ಸುಮ್ಮನಾಗ್ತಾರೆ. ಕೂಗು ನಿಲ್ಲುತ್ತೆ, ಕೀವು ನಿಲ್ಲಲ್ಲ. ಇವನ ಪಾದ ಸತ್ತಿದೆ. ತೆಗೆಯದಿದ್ದರೆ ಇವನೂ ಉಳಿಯಲ್ಲ."

ಮುದ್ದಮ್ಮ ಕೆಂಡದ ಬಾಣಲೆಯನ್ನು ಸದ್ದಿಲ್ಲದೆ ಹೊರಗೆ ಒಯ್ದಳು.

ಚೆಲುವನನ್ನು ಕೈಗಾಡಿಯಲ್ಲಿ ಆಸ್ಪತ್ರೆಗೆ ಸಾಗಿಸಿದೆವು. ಅಲ್ಲಿ ಇನ್ನೊಂದು ಕಷ್ಟ ಎದುರಾಯಿತು. ಎಲ್ಲಿಯವರೆಗೆ ಕತ್ತರಿಸಬೇಕು? ನಮ್ಮ ಕಡೆ ಡಾಕ್ಟರು ಕೂಗು ಎಲ್ಲಿ ಮುಗಿಯುತ್ತದೋ ಅಲ್ಲಿ ನೀಲಿ ಶಾಯಿಯ ಗೆರೆ ಎಳೆಯುತ್ತಾರೆ. ಆದರೆ ಇಟ್ಟಿಗೆಯ ಕಾವು ಮೀನಖಂಡದವರೆಗೂ ಹತ್ತಿತ್ತು. ಅಲ್ಲಿ ಮೌನ ಇದ್ದದ್ದು ಕೇಡು ಇಲ್ಲದ್ದಕ್ಕೋ, ಕಾವಿಗೋ, ಹೇಳುವ ಹಾಗಿರಲಿಲ್ಲ. ಪೂರ್ತಿ ತಣಿಯುವವರೆಗೆ ಕಾಯಬೇಕು. ಕಾದಷ್ಟೂ ವಿಷ ಏರುತ್ತದೆ. ಅದಕ್ಕೆ ಸರಿಯಾಗಿ ಆಸ್ಪತ್ರೆಯ ತುಂಬ ತಣಿವಿನ ವಾರದ ಗಂಡಸರು, ಹತ್ತು ಹಾಸಿಗೆಯಲ್ಲಿ ಹತ್ತು ರಾಗ.

ಡಾಕ್ಟರು ಎರಡು ಸಲ ಕಿವಿಯಿಟ್ಟು ತಲೆಯಾಡಿಸಿದರು. "ಬೆಳಗಿಂದ ಈ ಊರಿನ ಕೂಗೆಲ್ಲ ನನ್ನ ಕಿವಿಯಲ್ಲಿ ತುಂಬಿದೆ. ಗೆರೆ ಸಿಗ್ತಿಲ್ಲ. ಮಂಡಿಯ ಮೇಲೆ ತೆಗೆದುಬಿಡ್ತೀನಿ, ಅದು ಜೋಪಾನ."

"ಮಂಡಿ ಹೋದರೆ ನಾನು ಏನು ಮಾಡಲಿ?" ಅಂದ ಚೆಲುವ. ಮಂಡಿ ಇದ್ದರೆ ಮರದ ಕಾಲು ಕಟ್ಟಿಕೊಂಡು ನಿಲ್ಲಬಹುದು, ಬಳೆಯ ತಟ್ಟೆ ಹೊರಬಹುದು. ಮಂಡಿ ಇಲ್ಲದವನನ್ನು ನಮ್ಮೂರ ಕುಲುಮೆ ಅಂಗಳಕ್ಕೂ ಬಿಡುವುದಿಲ್ಲ. ಅದು ಅವನಿಗೂ ಗೊತ್ತು, ನನಗೂ ಗೊತ್ತು.

ನಾನು ಬಾಗಿ ಕಿವಿಯಿಟ್ಟೆ. ನನಗೆ ಕೇಳಿದ್ದು ಬರೀ ಗದ್ದಲ. ಹುಟ್ಟಿದಾಗಿನಿಂದ ಮೈಗಳ ಕೂಗಿನಲ್ಲೇ ಮಿಂದ ಕಿವಿ ನಮ್ಮದು, ಸಂತೆಯಲ್ಲಿ ಹುಟ್ಟಿದವನಿಗೆ ಸಂತೆಯ ಸದ್ದು ಕೇಳದ ಹಾಗೆ. ತಲೆ ಎತ್ತಿದರೆ ಎದುರಿಗೆ ಇಂದ್ರಾಣಿ, ಎರಡೂ ಕಿವಿ ಮುಚ್ಚಿಕೊಂಡು ಗೋಡೆಗೆ ಒರಗಿ ಕೂತಿದ್ದಳು.

"ನಿನಗೆ ಬೇರೆ ಬೇರೆಯಾಗಿ ಕೇಳುತ್ತಾ?" ಅಂದೆ.

"ಕೇಳುತ್ತೆ. ಅಲ್ಲಿ ಕಿಟಕಿ ಹತ್ತಿರದವರದು ಎದೆ. ಅವರ ಪಕ್ಕದವರದು ಹಲ್ಲು. ಇವರದು… ಇವರದು ಎಲ್ಲಕ್ಕಿಂತ ಕೆಳಗೆ."

"ಹಾಗಾದರೆ ಕೈ ತೆಗಿ."

"ನನ್ನಿಂದ ಆಗಲ್ಲ ಅತ್ತಿಗೆ."

"ವಿಷ ಹಾಕಿದವಳು ಅಂತ ನಾನು ಅಂದೆನಲ್ಲ. ಅಲ್ಲ ಅಂತ ಬಾಯಲ್ಲಿ ಹೇಳಬೇಡ, ಕಿವಿಯಿಟ್ಟು ತೋರಿಸು. ಬಾ."

ಆ ಮಾತು ಕಟುವಾಗಿತ್ತು. ಮೃದು ಮಾತಿಗೆ ಅವಳು ಏಳುತ್ತಿರಲಿಲ್ಲ. ಅವಳು ನನ್ನನ್ನು ನೋಡಿದ ರೀತಿ ಇನ್ನೂ ನೆನಪಿದೆ, ಅದರಲ್ಲಿ ಅಳು ಇರಲಿಲ್ಲ. ಎದ್ದು ಬಂದಳು. ಮೊಣಕಾಲೂರಿ ಗಂಡನ ಕಾಲಿಗೆ ಕಿವಿ ಇಟ್ಟಳು, ಪಾದದಿಂದ ಮೇಲಕ್ಕೆ, ಅಂಗುಲ ಅಂಗುಲಕ್ಕೆ. ಒಮ್ಮೆ ಹೊರಗೆ ಓಡಿ ವಾಂತಿ ಮಾಡಿ ಬಂದಳು. ಮತ್ತೆ ಕಿವಿ ಇಟ್ಟಳು. ಕಾಲು ತಣಿಯುತ್ತಿತ್ತು, ಕೂಗು ಮೇಲೆ ಸರಿಯುತ್ತಿತ್ತು. ಅವಳ ಬೆರಳೂ ಅದರ ಜೊತೆಗೇ ಸರಿಯುತ್ತಿತ್ತು. ಚೆಲುವ ಅವಳ ತಲೆಯ ಮೇಲೆ ಕೈ ಇಟ್ಟುಕೊಂಡು, "ಇನ್ನೂ ಮೇಲಾ? ಇನ್ನೂ ಮೇಲಾ?" ಅಂತ ಕೇಳುತ್ತಿದ್ದ. ಅವಳು ಬೆರಳನ್ನು ಇನ್ನೊಂದು ಅಂಗುಲ ಮೇಲೆ ಸರಿಸಿದಳು.

ಮೀನಖಂಡದ ಕೆಳಗೆ ಒಂದು ಕಡೆ ಬೆರಳು ನಿಂತಿತು. ಬಹಳ ಹೊತ್ತು ಅಲ್ಲೇ ನಿಂತಿತು.

"ಇಲ್ಲಿಗೆ ಮುಗೀತು," ಅಂದಳು. "ಇಲ್ಲಿಂದ ಮೇಲೆ ಇವರು ಇವರೇ."

ಡಾಕ್ಟರು ಅವಳ ಬೆರಳ ಪಕ್ಕದಲ್ಲಿ ಕಿವಿ ಇಟ್ಟರು. ಉಳಿದ ಹಾಸಿಗೆಯವರನ್ನೆಲ್ಲ ಅಂಗಳಕ್ಕೆ ಕಳಿಸಿ ಮತ್ತೆ ಇಟ್ಟರು. ನಾನು ಅವರ ಮುಖವನ್ನೇ ನೋಡುತ್ತಿದ್ದೆ, ಸಮಾಧಾನಕ್ಕೆ ಹೂಂ ಅನ್ನುತ್ತಿದ್ದಾರೋ ಹೇಗೆ ಅಂತ. ಅವರು ಜೇಬಿನಿಂದ ಶಾಯಿ ತೆಗೆದು, ಜೋಪಾನಕ್ಕೆ ಅಂತ ಎರಡು ಬೆರಳು ಮೇಲೆ ಗೆರೆ ಎಳೆದರು. ಮಂಡಿಗೂ ಗೆರೆಗೂ ನಡುವೆ ಒಂದು ಗೇಣು ಉಳಿದಿತ್ತು.

ಅವಳ ಕಿವಿ ಸರಿಯಾಗಿತ್ತು. ಕಾಲು ತೆಗೆದ ಮೇಲೆ ಗಾಯ ಎರಡನೆಯ ಸಲ ಕೂಗಲಿಲ್ಲ. ಡಾಕ್ಟರು ಅದನ್ನು ಕಾವಿಲ್ಲದೆ, ತಣ್ಣಗೇ ಇಟ್ಟು ಕೇಳಿದರು, ಹಾಗಾಗಿ ಆ ಮೌನವನ್ನು ನಾನೂ ನಂಬಿದೆ. ಚೆಲುವ ಈಗ ಮರದ ಕಾಲು ಕಟ್ಟಿಕೊಂಡು ಕುಲುಮೆಯ ಅಂಗಳದಲ್ಲಿ ಬಳೆ ಆರಿಸುತ್ತಾನೆ. ಬೆಂಕಿಯ ಬಾಯಿಗೆ ಅವನನ್ನು ಕರೆಯುವುದಿಲ್ಲ, ಕೂಲಿ ಅರ್ಧ. ತಣಿವಿನ ವಾರದಲ್ಲಿ ಅವನ ಹೆಗಲು ಮೊದಲಿನ ಹಾಗೆ ಕೂಗುತ್ತದೆ, ಮುದ್ದಮ್ಮ ಕೋಳಿಯ ನೆಪ ತೆಗೆದು ಬರುತ್ತಾಳೆ.

ಅವನಿಗೆ ಕಿವಿಗೊಡುವ ಕೆಲಸವನ್ನು ಇಂದ್ರಾಣಿ ತಾನೇ ಇಟ್ಟುಕೊಂಡಳು. "ಇನ್ನು ನೀವು ಬರೋದು ಬೇಡ ಅತ್ತಿಗೆ" ಅಂತ ಗೌರವದಿಂದಲೇ ಹೇಳಿದಳು. ನಾನು ಆಡಿದ ಮಾತನ್ನು ಅವಳು ಮರೆತಿಲ್ಲ. ಮರೆಯಬೇಕು ಅಂತ ನಾನು ಕೇಳಿಯೂ ಇಲ್ಲ. ಅನುಮಾನ ಪಟ್ಟದ್ದಕ್ಕೆ ನನಗೆ ನಾಚಿಕೆಯಿಲ್ಲ, ಅನುಮಾನ ಪಡದಿದ್ದರೆ ಅವನು ಆ ಕಂಬಳಿಯೊಳಗೇ ಸದ್ದಿಲ್ಲದೆ ಹೋಗುತ್ತಿದ್ದ. ಅವಳ ಮೇಲೆ ಪಟ್ಟದ್ದು ಮಾತ್ರ ತಪ್ಪು.

ಒಂದು ಪಾದ ಹೋಯಿತು. ತಮ್ಮ ಉಳಿದ, ಅವನ ಮಂಡಿ ಉಳಿಯಿತು. ಬೆಳಿಗ್ಗೆ ಎದ್ದು ಅವನ ಎದೆಗೆ ಕಿವಿ ಇಡುತ್ತಿದ್ದ ಆ ಹೊತ್ತು ನನ್ನ ಪಾಲಿಗೆ ಇಲ್ಲವಾಯಿತು.